ಅಮ್ಮನ ನೆನಪನ್ನು ಯಾವ ಭಾಷೆಯಲ್ಲಿ ಅಳೆದ್ರಿ?

ಕಾಸರಗೋಡು ಜಿಲ್ಲೆಯ ಆರೋಗ್ಯ ಅಧಿಕಾರಿಗಳಿಗೆ, ಇಲ್ಲಿಯ ಆಸ್ಪತ್ರೆಗಳಲ್ಲಿ ಮರೆವಿನ ಕಾಯಿಲೆಯ ಪರೀಕ್ಷೆ ಮಾಡುವ ಡಾಕ್ಟರ್, ನರ್ಸ್, ಸೈಕಾಲಜಿಸ್ಟ್‌ಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಕುಂಬಳೆ ಕಡೆಯವಳು. ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ 22 ವರ್ಷದಿಂದ ವಿಜ್ಞಾನ ಪಾಠ ಮಾಡ್ತಾ ಇದ್ದೇನೆ. ಯಾರಿಗಾದ್ರೂ ಶಿಕ್ಷೆ ಆಗ್ಲಿ ಅಂತ ಈ ಪತ್ರ ಬರೀತಾ ಇಲ್ಲ, ಅಮ್ಮನ ಮರೆವನ್ನು ಅವರದ್ದಲ್ಲದ ಭಾಷೆಯಲ್ಲಿ, ಮಲಯಾಳದಲ್ಲಿ, ಪರೀಕ್ಷೆ ಮಾಡಿದ ಆಸ್ಪತ್ರೆಯ ಹೆಸರು ಕೂಡಾ ಬರೆಯುವುದಿಲ್ಲ. ಯಾಕಂದ್ರೆ ನನ್ನ ಅಮ್ಮನಿಗೆ ಆದದ್ದು ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗೆ ಕನ್ನಡ, ತುಳು ಮಾತಾಡುವ ಪ್ರಾಯವಾದ ಯಾರಿಗೂ ಆಗ್ಬಹುದು, ಮತ್ತೆ ಅದು ಆಗಿದೆ ಅಂತ ಅವರ ಮನೆಯವರಿಗೆ ಗೊತ್ತೇ ಆಗ್ಲಿಕ್ಕಿಲ್ಲ. ನನಗೂ ನಾಲ್ಕು ತಿಂಗಳು ಗೊತ್ತಾಗ್ಲಿಲ್ಲ.

ಅಮ್ಮನಿಗೆ ಆಗ 78 ವರ್ಷ. ಮನೆ ಭಾಷೆ ತುಳು, ಶಾಲೆ ಐದನೇ ಕ್ಲಾಸಿನವರೆಗೆ ಕನ್ನಡ. ಮದುವೆಯಾಗಿ ಮಕ್ಕಳಾದ ಮೇಲೆ ಆಚೆ ಮನೆಯವರ ಒಟ್ಟಿಗೆ, ರೇಷನ್ ಅಂಗಡಿಯಲ್ಲಿ, ಬಸ್ಸಿನಲ್ಲಿ ಕೇಳಿ ಕೇಳಿ ಮಲಯಾಳ ಕಲಿತದ್ದು. ಚೆಂದ ಮಾತಾಡ್ತಿದ್ರು. ಆದ್ರೆ ಮಲಯಾಳ ಅಕ್ಷರ ಓದ್ಲಿಕ್ಕೆ ಯಾವತ್ತೂ ಬರ್ತಿರ್ಲಿಲ್ಲ. ಎರಡು ವರ್ಷದಿಂದ ಮರೆವು ಶುರುವಾಗಿತ್ತು, ಗ್ಯಾಸ್ ಆಫ್ ಮಾಡಿದ್ದೇನಾ ಅಂತ ಹತ್ತು ಸಲ ಕೇಳುವುದು, ಬೆಳಿಗ್ಗೆ ಬಂದು ಹೋದವರನ್ನು ಮಧ್ಯಾಹ್ನಕ್ಕೆ ಮರೆಯುವುದು, ಹೀಗೆ. ಅದ್ರ ಒಟ್ಟಿಗೆ ಇನ್ನೊಂದು ನಾವು ಗಮನಿಸಿದ್ದು ಅಂದ್ರೆ ಮಲಯಾಳ ಸ್ವಲ್ಪ ಸ್ವಲ್ಪವೇ ಹೋಗ್ತಾ ಇತ್ತು, ನಲ್ವತ್ತು ವರ್ಷ ಬೇಲಿ ಹತ್ತಿರ ನಿಂತು ಮಲಯಾಳದಲ್ಲಿ ಮಾತಾಡಿದ ಆಚೆ ಮನೆಯವರಿಗೆ ಅಮ್ಮ ತುಳುವಿನಲ್ಲಿ ಉತ್ತರ ಕೊಡ್ಲಿಕ್ಕೆ ಶುರು ಮಾಡಿದ್ರು.

ಆಗಸ್ಟ್ ಕೊನೆ ವಾರ ಆಸ್ಪತ್ರೆಗೆ ಕರ್ಕೊಂಡು ಹೋದೆವು. 30 ಮಾರ್ಕಿನ ಪರೀಕ್ಷೆ, ನಿಮಗೆಲ್ಲ ಗೊತ್ತಿರುವಂಥದ್ದೇ, 1975ರಲ್ಲಿ ಅಮೆರಿಕದಲ್ಲಿ ಮಾಡಿದ ಮಿನಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಶನ್, ಅದರ ಮಲಯಾಳ ರೂಪ. ಪರೀಕ್ಷೆ ಮಾಡಿದ ಹುಡುಗಿ ತುಂಬ ಪಾಪದವಳು, ಅಮ್ಮನ ಕೈ ಹಿಡ್ಕೊಂಡು ನಿಧಾನಕ್ಕೆ ಕೇಳಿದ್ಲು. ಅವಳಿಗೆ ಕನ್ನಡ ಬರ್ತಿರ್ಲಿಲ್ಲ. ನಾನು ಪಕ್ಕದಲ್ಲಿ ಕೂತಿದ್ದೆ, ಮನೆಯವರು ಬಾಯಿ ಹಾಕ್ಬಾರ್ದು ಅಂತ ಮೊದಲೇ ಹೇಳಿದ್ರು, ಹಾಗಾಗಿ ಸುಮ್ಮನೆ ನೋಡ್ತಾ ಇದ್ದೆ. ನೋಡಿದ್ದನ್ನು ಇಲ್ಲಿ ಬರೀತೇನೆ.

‘ಇದ್ ಏದ್ ಮಾಸಮಾಣ್?’ ಅಂತ ಕೇಳಿದ್ಲು. ಅಮ್ಮ ‘ಸೋಣ’ ಅಂದ್ರು. ಅವಳು ಇನ್ನೊಮ್ಮೆ ಕೇಳಿದ್ಲು, ಅಮ್ಮ ಇನ್ನೊಮ್ಮೆ ಸೋಣ ಅಂದ್ರು. ಸೊನ್ನೆ. ಮಲಯಾಳದವರ ಚಿಂಙ, ತುಳುವರ ಸೋಣ, ಎರಡೂ ಒಂದೇ ಸಿಂಹ ಮಾಸ. ಅಮ್ಮ ಚಿಂಙ ಅಂದಿದ್ರೆ ಮಾರ್ಕು ಸಿಗ್ತಿತ್ತು.

ಆಮೇಲೆ ಮೂರು ಪದ ಹೇಳಿ ನೆನಪಿಟ್ಟುಕೊಳ್ಲಿಕ್ಕೆ ಹೇಳಿದ್ಲು, ಅದ್ರಲ್ಲಿ ಒಂದು ಕಸೇರ. ಸ್ವಲ್ಪ ಹೊತ್ತು ಬಿಟ್ಟು ಕೇಳುವಾಗ ಅಮ್ಮ ತುಂಬ ಯೋಚನೆ ಮಾಡಿ ‘ಕುರ್ಚಿ’ ಅಂದ್ರು. ಅದಕ್ಕೂ ಸೊನ್ನೆ. ನಾನು ಆ ಒಂದು ಉತ್ತರದ ಬಗ್ಗೆ ರಾತ್ರಿ ಎಷ್ಟು ಸಲ ಯೋಚನೆ ಮಾಡಿದ್ದೇನೋ. ಮಲಯಾಳದಲ್ಲಿ ಕಿವಿಗೆ ಬಿದ್ದ ಪದವನ್ನು ಅಮ್ಮನ ತಲೆ ಅರ್ಥ ಮಾಡ್ಕೊಂಡಿದೆ, ಶಬ್ದವನ್ನು ಬಿಟ್ಟು ಅರ್ಥವನ್ನು ಇಟ್ಕೊಂಡಿದೆ, ಐದು ನಿಮಿಷ ಕಾಪಾಡಿದೆ, ಕೇಳುವಾಗ ತನ್ನದೇ ಭಾಷೆಯಲ್ಲಿ ತೆಗೆದು ಕೊಟ್ಟಿದೆ. ಕಾಯಿಲೆ ಬಂದ ಮೆದುಳು ಇಷ್ಟು ಕೆಲಸ ಮಾಡಿದ್ದಕ್ಕೆ ನಾವು ಕೊಟ್ಟದ್ದು ಸೊನ್ನೆ.

ನೂರರಿಂದ ಏಳೇಳು ಕಳೀತಾ ಹೋಗ್ಲಿಕ್ಕೆ ಹೇಳಿದಾಗಲೂ ಹಾಗೇ. ಅಮ್ಮ ಶಾಲೆಯಲ್ಲಿ ಮಗ್ಗಿ ಕಲಿತದ್ದು ಕನ್ನಡದಲ್ಲಿ, ಲೆಕ್ಕ ತಲೆಯೊಳಗೆ ನಡೆಯುವುದೂ ಕನ್ನಡದಲ್ಲೇ. ತೊಂಬತ್ತಮೂರು ಅಂತ ತುಟಿ ಅಲ್ಲಾಡಿದ್ದು ನಾನು ಕಂಡೆ. ಆದ್ರೆ ಕೇಳಿದ್ದು ಮಲಯಾಳದಲ್ಲಿ ಅಲ್ವಾ, ಮಲಯಾಳದಲ್ಲೇ ಹೇಳ್ಬೇಕು ಅಂತ ಹೊರಟ್ರು, ಅಲ್ಲಿ ತೊಂಬತ್ತಕ್ಕೆ ತೊಣ್ಣೂರು, ಆ ಪದ ಹುಡುಕುವುದರೊಳಗೆ ಕೈಯಲ್ಲಿದ್ದ ಲೆಕ್ಕ ಹೋಯ್ತು. ಒಂದು ಕ್ಷಣಕ್ಕೆ ತಲೆಯಲ್ಲಿ ಹಿಡ್ಕೊಳ್ಳುವ ನೆನಪು ಯಾರಿಗಾದ್ರೂ ಸಣ್ಣದೇ, ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಒಮ್ಮೆಗೆ ಏಳು ವಿಷಯ, ಎರಡು ಹೆಚ್ಚು ಕಮ್ಮಿ ಅಂತ ಲೆಕ್ಕ ಹೇಳಿದ್ರು, ಆಮೇಲಿನವರು ಅದಕ್ಕಿಂತಲೂ ಕಮ್ಮಿ ಅಂತಾರೆ. ಆ ಸಣ್ಣ ಜಾಗದಲ್ಲಿ ಲೆಕ್ಕವೂ ತರ್ಜುಮೆಯೂ ಒಟ್ಟಿಗೆ ನಡೀಬೇಕಾದ್ರೆ ಒಂದು ಚೆಲ್ಲಿ ಹೋಗ್ತದೆ.

ಒಂದು ಕಾಗದದಲ್ಲಿ ಮಲಯಾಳ ಅಕ್ಷರದಲ್ಲಿ ‘ಕಣ್ಣು ಮುಚ್ಚಿ’ ಅಂತ ಬರೆದಿತ್ತು, ಓದಿ ಹಾಗೆ ಮಾಡ್ಬೇಕು. ಅಮ್ಮ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ್ರು, ಆಮೇಲೆ ನನ್ನ ಮುಖ ನೋಡಿದ್ರು. ಗೊತ್ತೇ ಇಲ್ಲದ ಅಕ್ಷರವನ್ನು ಮರೆಯುವುದು ಹೇಗೆ?

ಜಿಲ್ಲೆ ಯಾವುದು ಅಂತ ಕೇಳಿದ್ದಕ್ಕೆ ‘ಸೌತ್ ಕೆನರಾ’ ಅಂದ್ರು. ಇದು ತಪ್ಪೇ, ಈ ಮಾರ್ಕು ಹೋದದ್ದಕ್ಕೆ ನನ್ನ ತಕರಾರಿಲ್ಲ. ಆದ್ರೆ ಈ ತಪ್ಪು ಕೂಡಾ ಎಲ್ಲಿಂದ ಬಂತು ಅಂತ ನೋಡ್ಬೇಕು. ಅಮ್ಮ ಹುಟ್ಟುವಾಗ ನಮ್ಮ ಊರು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. 1956 ನವೆಂಬರ್ 1ಕ್ಕೆ ಕೇರಳದ ಮಲಬಾರ್ ಜಿಲ್ಲೆ ಆಯ್ತು, 1957 ಜನವರಿಯಲ್ಲಿ ಕಣ್ಣೂರು, 1984 ಮೇ 24ಕ್ಕೆ ಕಾಸರಗೋಡು. ಊರು ಬಿಟ್ಟು ಎಲ್ಲಿಗೂ ಹೋಗದ ಹೆಂಗಸು ನಾಲ್ಕು ಜಿಲ್ಲೆ ಕಂಡಿದ್ದಾರೆ. ನೆನಪಿನಲ್ಲಿ ಉಳಿದದ್ದು ಮೊದಲನೆಯದ್ದು, ಹತ್ತು ವರ್ಷದ ಹುಡುಗಿ ಶಾಲೆಯ ನೋಟ್ ಪುಸ್ತಕದ ಮೇಲೆ ಬರೀತಿದ್ದದ್ದು.

ಒಟ್ಟು ಸಿಕ್ಕಿದ ಮಾರ್ಕು 9. ರಿಪೋರ್ಟಿನಲ್ಲಿ ಸಿವಿಯರ್, ಅಂದ್ರೆ ಕಾಯಿಲೆ ತೀವ್ರ, ಅಂತ ಬರೆದಿತ್ತು.

ಆ ಒಂದು ಶಬ್ದ ನಮ್ಮ ಮನೆಯಲ್ಲಿ ಎಂತ ಮಾಡಿತು ಅಂತ ಹೇಳ್ತೇನೆ. ಇನ್ನು ಇವರಿಗೆ ಎಂತದ್ದೂ ತಿಳಿಯುವುದಿಲ್ಲ ಅಂತ ನಾವು ನಂಬಿದೆವು. ತರಕಾರಿ ಕೊಯ್ಲಿಕ್ಕೆ ಕೊಡುವುದು ನಿಲ್ಲಿಸಿದೆವು, ಚಾಕು ಅಲ್ವಾ ಅಂತ. ಮನೆ ವಿಷಯ ಅವರ ಎದುರೇ, ಅವರು ಅಲ್ಲಿ ಇಲ್ಲದ ಹಾಗೆ ಮಾತಾಡಿದೆವು. ನನ್ನ ಮಗಳು ಅಜ್ಜಿ ಹತ್ತಿರ ಕೂರುವುದು ಬಿಟ್ಲು, ‘ಅಜ್ಜಿಗೆ ಹೇಗೂ ನೆನಪಿರುವುದಿಲ್ಲ ಅಲ್ವಾ’ ಅಂದ್ಲು, ನಾನು ಅವಳಿಗೆ ಏನೂ ಹೇಳ್ಲಿಲ್ಲ. ವಿಜ್ಞಾನ ಪಾಠ ಮಾಡುವವಳು ನಾನು, ಮೆದುಳಿನ ಚಿತ್ರ ಬೋರ್ಡಿನಲ್ಲಿ ಬಿಡಿಸುವವಳು, ಆದ್ರೂ ಆ ಕಾಗದವನ್ನು ಒಂದು ಪ್ರಶ್ನೆ ಕೇಳದೆ ನಂಬಿದೆ. ಅಮ್ಮ ನಾಲ್ಕು ತಿಂಗಳಲ್ಲಿ ಮಾತು ಕಮ್ಮಿ ಮಾಡಿದ್ರು, ಅದನ್ನೂ ಕಾಯಿಲೆ ಅಂತ ಅಂದ್ಕೊಂಡೆ.

ಡಿಸೆಂಬರಿನಲ್ಲಿ ಬೇರೆ ಎಂತದಕ್ಕೋ ಮಂಗಳೂರಿಗೆ ಹೋದಾಗ ಅಲ್ಲಿಯ ಡಾಕ್ಟ್ರು ‘ಅಮ್ಮಾ, ಕುಲ್ಲುಲೆ’ ಅಂತ ತುಳುವಿನಲ್ಲಿ ಕೂರ್ಲಿಕ್ಕೆ ಹೇಳಿದ್ರು. ಅಮ್ಮನ ಮುಖ ಬದಲಾದದ್ದು ನನಗೆ ಈಗಲೂ ಕಣ್ಣ ಮುಂದೆ ಉಂಟು. ಅದೇ ಥರದ ಪರೀಕ್ಷೆ ಕನ್ನಡದಲ್ಲಿ ಆಯ್ತು, 19 ಬಂತು. ಒಮ್ಮೆ ಮಾಡಿದ ಪರೀಕ್ಷೆ ಇನ್ನೊಮ್ಮೆ ಮಾಡುವಾಗ ಒಂದೆರಡು ಮಾರ್ಕು ಜಾಸ್ತಿ ಬರ್ಬಹುದು, ದಿನಕ್ಕೊಂದು ಥರ ಇರ್ತದೆ ಅಂತಲೂ ಗೊತ್ತುಂಟು, ಆದ್ರೆ ಹತ್ತು ಮಾರ್ಕು ಹಾಗೆ ಬರುವುದಿಲ್ಲ. 19 ಅಂದ್ರೂ ಕಾಯಿಲೆಯೇ, 24ಕ್ಕಿಂತ ಕೆಳಗೆ ಬಂದ್ರೆ ಸಂಶಯ ಪಡ್ಬೇಕು ಅಂತಾರೆ. ಅಮ್ಮನಿಗೆ ಕಾಯಿಲೆ ಇಲ್ಲ ಅಂತ ನಾನು ಹೇಳ್ತಾ ಇಲ್ಲ. ಮಧ್ಯದಲ್ಲಿ ಕಳೆದುಹೋದ ಆ ಹತ್ತು ಮಾರ್ಕು ಅಮ್ಮನ ನೆನಪಿನದ್ದಲ್ಲ, ಭಾಷೆಯದ್ದು ಅಂತ ಹೇಳ್ತಾ ಇದ್ದೇನೆ.

ಇದು ಬರೇ ಒಬ್ಬ ಮಗಳ ಹೊಟ್ಟೆಯುರಿ ಅಂತ ನಿಮಗೆ ಅನಿಸ್ಬಾರ್ದು, ಅದಕ್ಕೆ ಆಮೇಲೆ ನಾನು ಓದಿ ತಿಳ್ಕೊಂಡದ್ದನ್ನೂ ಬರೀತೇನೆ. ನಿಮಗೆ ಗೊತ್ತಿರುವುದೇ, ಆದ್ರೆ ಆ ಪರೀಕ್ಷೆಯ ಕೋಣೆಯಲ್ಲಿ ಅದು ಯಾರಿಗೂ ನೆನಪಾಗ್ಲಿಲ್ಲ.

ನೆನಪು ಅಂದ್ರೆ ಕಪಾಟಿನಲ್ಲಿ ಮಡಚಿಟ್ಟ ಸೀರೆಯ ಹಾಗೆ ಒಂದೇ ಜಾಗದಲ್ಲಿ ಇರುವಂಥದ್ದಲ್ಲ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಅನ್ನುವವರಿಗೆ ಅಪಸ್ಮಾರ ಗುಣ ಆಗ್ಲಿ ಅಂತ ಆಪರೇಶನ್ ಮಾಡಿ ಮೆದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದ್ರು. ಕಡಲಕುದುರೆ ಆಕಾರದ ಸಣ್ಣ ಭಾಗ ಅದು. ಆಗ ಅವರಿಗೆ 27 ವರ್ಷ. ಆ ಮೇಲೆ 2008ರಲ್ಲಿ ಸಾಯುವವರೆಗೆ ಹೊಸ ಘಟನೆ ಹೆಚ್ಚುಕಮ್ಮಿ ಒಂದೂ ಮನಸ್ಸಿನಲ್ಲಿ ನಿಲ್ಲಲಿಲ್ಲ, ಸಣ್ಣದಿರುವಾಗಿನದ್ದು ಉಳೀತು. ಬ್ರೆಂಡಾ ಮಿಲ್ನರ್ ಅನ್ನುವ ವಿಜ್ಞಾನಿ ಅವರಿಗೆ ಕನ್ನಡಿಯಲ್ಲಿ ನೋಡ್ಕೊಂಡು ನಕ್ಷತ್ರ ಬಿಡಿಸುವ ಕೆಲಸ ಕೊಟ್ಟಾಗ ದಿನದಿಂದ ದಿನಕ್ಕೆ ಕೈ ಪಳಗಿತು, ಆದ್ರೆ ಹಿಂದೆ ಒಮ್ಮೆ ಅದನ್ನು ಮಾಡಿದ್ದೇನೆ ಅಂತ ಅವರಿಗೆ ಗೊತ್ತೇ ಇರ್ಲಿಲ್ಲ. ಕೈಯ ನೆನಪು ಬೇರೆ ದಾರಿಯಲ್ಲಿ ಹೋಗ್ತದೆ ಅಂತ ಆಗ ಗೊತ್ತಾಯ್ತು.

ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವರು. ಮಂಗಳೂರಿನಿಂದ ಬಂದ ಮೇಲೆ ನಾನು ಅಟ್ಟದಿಂದ ಹಳೆ ತಡ್ಪೆ (ಮೊರ) ಇಳಿಸಿ, ಬೀಡಿ ಎಲೆ ನೀರಿಗೆ ಹಾಕಿ ತಂದು ಮಡಿಲಲ್ಲಿ ಇಟ್ಟೆ. ಅಚ್ಚು ಇಟ್ಟು ಕತ್ತರಿಸಿದ್ರು, ಸುರುಟಿದ್ರು, ಬಾಯಿ ಮಡಚಿದ್ರು, ನೂಲು ಸುತ್ತಿದ್ರು. ಒಂದೂ ತಪ್ಪಲಿಲ್ಲ. ‘ಬ್ರಾಂಚಿಗೆ ಯಾವಾಗ ಕೊಂಡೋಗುವುದು?’ ಅಂತ ಕೇಳಿದ್ರು, ಬ್ರಾಂಚ್ ಅಂದ್ರೆ ಕಟ್ಟಿದ ಬೀಡಿ ಕೊಡುವ ಜಾಗ. ಹೊಗೆಸೊಪ್ಪು ಹಾಕಿರ್ಲಿಲ್ಲ ಬಿಡಿ, ಬರೇ ಎಲೆ. 30 ಮಾರ್ಕಿನ ಪರೀಕ್ಷೆಯಲ್ಲಿ ಇದಕ್ಕೆ ಒಂದು ಮಾರ್ಕೂ ಇಲ್ಲ.

ಹೊಸ ನೆನಪು ಮೊದಲು ಆ ಕಡಲಕುದುರೆಯ ಆಸರೆಯಲ್ಲಿ ಇರ್ತದೆ, ಆಮೇಲೆ ನಿದ್ರೆಯಲ್ಲಿ, ತಿಂಗಳು ವರ್ಷ ಕಳೆಯುವಾಗ, ಮೆದುಳಿನ ಹೊರಪದರದಲ್ಲಿ ಬೇರು ಬಿಡ್ತದೆ. ಮರೆವು ತರುವ ಆಲ್ಝೈಮರ್ ಕಾಯಿಲೆ ಸಾಮಾನ್ಯವಾಗಿ ಹಿಪ್ಪೊಕ್ಯಾಂಪಸ್ ಮತ್ತು ಅದರ ಪಕ್ಕದ ಜಾಗದಿಂದಲೇ ಶುರುವಾಗುವುದು, ಹಾಗಾಗಿ ನಿನ್ನೆ ಮೊನ್ನೆಯದ್ದು ಮೊದಲು ಹೋಗ್ತದೆ, ಹಳತು ಕೊನೆಗೆ. ಹೊಸತು ಮೊದಲು, ಹಳತು ಕೊನೆಗೆ ಅನ್ನುವ ಈ ಕ್ರಮವನ್ನು ಫ್ರಾನ್ಸಿನ ರಿಬೋ ಅನ್ನುವವರು 1881ರಲ್ಲೇ ಬರೆದಿದ್ದಾರೆ. ಭಾಷೆಗೂ ಇದು ತುಂಬ ಜನರಲ್ಲಿ ಕಾಣ್ತದೆ, ದೊಡ್ಡವರಾದ ಮೇಲೆ ಕಲಿತ ಭಾಷೆ ಮೊದಲು ಸಡಿಲ ಆಗ್ತದೆ, ತೊಟ್ಟಿಲಿನ ಭಾಷೆ ಉಳೀತದೆ. ಅಮ್ಮನಿಗೆ ಮಲಯಾಳ ಹೋದದ್ದು ಹಾಗೆ. ಅಂದ್ರೆ ಯಾವ ಭಾಷೆ ಕಾಯಿಲೆಯಿಂದ ಮೊದಲು ಹೋಗ್ತದೋ ಅದೇ ಭಾಷೆಯಲ್ಲಿ ಕಾಯಿಲೆಯನ್ನು ಅಳೆದ ಹಾಗಾಯ್ತು.

ಎಬ್ಬಿಂಗ್‌ಹೌಸ್ ಅನ್ನುವ ಜರ್ಮನಿಯ ವಿಜ್ಞಾನಿ 1885ರಲ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿ ಮರೆವಿನ ಲೆಕ್ಕ ಹಾಕಿದ್ರು, ಅರ್ಥವೇ ಇಲ್ಲದ ಅಕ್ಷರಗಳ ಗುಂಪು ಬಾಯಿಪಾಠ ಮಾಡಿ, ಒಂದು ಗಂಟೆಯೊಳಗೆ ಅರ್ಧಕ್ಕಿಂತ ಜಾಸ್ತಿ ಮರೆತು ಹೋಗ್ತದೆ ಅಂತ ಕಂಡುಕೊಂಡ್ರು. ಆರೋಗ್ಯವಾಗಿದ್ದ ಮನುಷ್ಯನ ಕಥೆ ಅದು. ಅಮ್ಮನಂಥವರಿಗೆ ಈಗ ಮಲಯಾಳದ ಎಷ್ಟೋ ಪದ ಅಂಥ ಅರ್ಥವಿಲ್ಲದ ಶಬ್ದದ ಹತ್ತಿರ ಬಂದು ನಿಂತಿದೆ, ಅದನ್ನು ನೆನಪಿಡಿ ಅಂದ್ರೆ ಅವರು ಎಲ್ಲಿ ಇಟ್ಕೊಳ್ಬೇಕು?

ಇನ್ನೊಂದು ವಿಷಯ, ನೆನಪು ಒಳಗೆ ಹೋದ ದಾರಿಯಲ್ಲೇ ಹೊರಗೆ ಬರ್ಲಿಕ್ಕೆ ಸುಲಭ. 1975ರಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಅನ್ನುವವರು ಸ್ಕಾಟ್ಲೆಂಡಿನಲ್ಲಿ ಮುಳುಗುಗಾರರಿಗೆ ಸಮುದ್ರದ ಅಡಿಯಲ್ಲಿ ಪದಗಳನ್ನು ಕಲಿಸಿದ್ರು, ಅಡಿಯಲ್ಲಿ ಕಲಿತದ್ದು ಅಡಿಯಲ್ಲೇ ಚೆನ್ನಾಗಿ ನೆನಪಾಯ್ತು, ದಡದಲ್ಲಿ ಕಲಿತದ್ದು ದಡದಲ್ಲಿ. 2000ದಲ್ಲಿ ಮರಿಯನ್ ಮತ್ತು ನೈಸರ್ ಅನ್ನುವ ಸಂಶೋಧಕರು ಅಮೆರಿಕದಲ್ಲಿದ್ದ ರಷ್ಯಾದ ಮೂಲದವರನ್ನು ಎರಡು ಭಾಷೆಯಲ್ಲೂ ಮಾತಾಡಿಸಿ ನೋಡಿದ್ರು, ರಷ್ಯನ್‌ನಲ್ಲಿ ಕೇಳಿದ್ರೆ ರಷ್ಯನ್ ಮಾತಾಡ್ತಿದ್ದ ಕಾಲದ ನೆನಪು ಜಾಸ್ತಿ ಬಂತು, ಇಂಗ್ಲಿಷಿನಲ್ಲಿ ಕೇಳಿದ್ರೆ ಇಂಗ್ಲಿಷಿನ ಕಾಲದ್ದು. ಇವರೆಲ್ಲ ಆರೋಗ್ಯವಂತರು. ನಮ್ಮ ಅಮ್ಮಂದಿರಿಗೆ ಆ ದಾರಿ ಇನ್ನೆಷ್ಟು ಮುಖ್ಯ ಆಗ್ಬೇಡ.

ನಮ್ಮ ಜಿಲ್ಲೆಗೆ ತುಂಬ ಹತ್ತಿರದ್ದು ಇನ್ನೊಂದು ಉಂಟು. ಹೈದರಾಬಾದಿನ ನಿಝಾಮ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಡಾಕ್ಟರ್ ಸುವರ್ಣಾ ಅಲ್ಲಾಡಿ ಮತ್ತು ಅವರ ಒಟ್ಟಿಗಿನವರು ಮರೆವಿನ ಕಾಯಿಲೆಯ 648 ಜನರನ್ನು ನೋಡಿ 2013ರಲ್ಲಿ ಬರೆದ್ರು, ಒಂದೇ ಭಾಷೆಯವರಿಗಿಂತ ಒಂದಕ್ಕಿಂತ ಜಾಸ್ತಿ ಭಾಷೆ ಮಾತಾಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಳ್ತದೆ ಅಂತ. ಶಾಲೆಗೆ ಹೋಗದವರಲ್ಲೂ ಇದು ಕಂಡಿದೆ. ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಲ್ಲ ಒಂದೇ ಸಂತೆಯಲ್ಲಿ ಕೇಳುವ ಊರು ನಮ್ಮದು. ಅಮ್ಮನಿಗೂ ಆ ಮಲಯಾಳವೇ ಕೆಲವು ವರ್ಷ ಕೊಟ್ಟಿರ್ಬಹುದು ಅಂತ ನನ್ನ ನಂಬಿಕೆ. ಹಾಗಾಗಿ ನನಗೆ ಮಲಯಾಳದ ಮೇಲೆ ಸಿಟ್ಟಿಲ್ಲ, ಯಾರೂ ಈ ಪತ್ರವನ್ನು ಆ ಜಗಳಕ್ಕೆ ಎಳೀಬೇಡಿ. ಆಚೆ ಮನೆಯವರು ಈಗ ಅಮ್ಮನಿಗೋಸ್ಕರ ತುಳು ಮಾತಾಡ್ಲಿಕ್ಕೆ ಕಲಿತಾ ಇದ್ದಾರೆ, ಪಾಪ, ತಪ್ಪು ತಪ್ಪು ಮಾತಾಡ್ತಾರೆ, ಅಮ್ಮ ನಗ್ತಾರೆ.

ಈಗ ನನ್ನ ಕೋರಿಕೆ.

ಮೊದಲನೆಯದಾಗಿ ಓಪಿ ಚೀಟಿ ಮಾಡುವಲ್ಲೇ ಪ್ರಾಯದವರ ಹತ್ತಿರ ಒಂದು ಪ್ರಶ್ನೆ ಕೇಳಿ, ಮನೆಯಲ್ಲಿ ಯಾವ ಭಾಷೆ, ಶಾಲೆಯಲ್ಲಿ ಯಾವ ಭಾಷೆ. ಅದನ್ನು ಚೀಟಿಯಲ್ಲಿ ಬರೀರಿ. ಪರೀಕ್ಷೆ ಅದರ ಪ್ರಕಾರ ಆಗ್ಲಿ. ಕನ್ನಡದ ಪರೀಕ್ಷೆ ಹೊಸತಾಗಿ ಯಾರೂ ಮಾಡ್ಬೇಕಾಗಿಲ್ಲ, ದೇಶದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನವರು ಹಿಂದಿ, ಬೆಂಗಾಲಿ, ತೆಲುಗು, ಕನ್ನಡ, ಮಲಯಾಳ ಐದು ಭಾಷೆಯಲ್ಲಿ ಮರೆವಿನ ಪರೀಕ್ಷೆಗಳ ಒಂದು ಸೆಟ್ ಮಾಡಿದ್ದಾರೆ. ನಮ್ಮ ಜಿಲ್ಲೆಗೆ ಬೇಕಾದ ಎರಡು ದೊಡ್ಡ ಭಾಷೆಯೂ ಅದ್ರಲ್ಲಿ ಉಂಟು. ಓದು ಬರಹ ಬಾರದವರಿಗೆ ಎಂತ ಮಾಡುವುದು ಅಂತ ಕೇಳಿದ್ರೆ ಅದಕ್ಕೂ ದಾರಿ ಉಂಟು, 1995ರಲ್ಲೇ ಗಾಂಗುಲಿ ಮತ್ತು ಅವರ ತಂಡ ಉತ್ತರ ಭಾರತದ ಹಳ್ಳಿಯ ಅಕ್ಷರ ಗೊತ್ತಿಲ್ಲದ ಪ್ರಾಯದವರಿಗೋಸ್ಕರ ಇದೇ 30 ಮಾರ್ಕಿನ ಪರೀಕ್ಷೆಯನ್ನು ಹಿಂದಿಗೆ ತಿದ್ದಿ ಮಾಡಿದ್ದಾರೆ. ಅಲ್ಲಿ ಆದದ್ದು ಇಲ್ಲಿ ಎಂತಕ್ಕೆ ಆಗ್ಬಾರ್ದು?

ತುಳುವಿಗೆ ಬೇರೆಯೇ ಕೆಲಸ ಆಗ್ಬೇಕಾದೀತು, ಅದಕ್ಕೆ ಸಮಯ ಬೇಕು, ಅಲ್ಲಿಯವರೆಗೆ ತುಳು ಬರುವ ಒಬ್ಬ ನರ್ಸನ್ನೋ ಆಶಾ ಕಾರ್ಯಕರ್ತೆಯನ್ನೋ ತರಬೇತಿ ಕೊಟ್ಟು ಕೂರಿಸಿ. ಜನ ಇಲ್ಲ ಅಂತ ಹೇಳ್ಬೇಡಿ. ನನ್ನ ಕ್ಲಾಸಿನಲ್ಲಿ ಓದಿದ ಹುಡುಗಿಯರೇ ಎಷ್ಟೋ ಮಂದಿ ನರ್ಸಿಂಗ್ ಕಲಿತು ದೂರದ ಊರುಗಳಲ್ಲಿ ಇದ್ದಾರೆ. ಮತ್ತೆ ಉತ್ತರ ಯಾವ ಭಾಷೆಯಲ್ಲಿ ಬಂದ್ರೂ ಸರಿ ಇದ್ರೆ ಮಾರ್ಕು ಕೊಡ್ಲಿ, ಸೋಣಕ್ಕೂ ಕೊಡ್ಲಿ, ಕುರ್ಚಿಗೂ ಕೊಡ್ಲಿ. ಓದಿಸುವ ಪ್ರಶ್ನೆಯ ಮೊದಲು ಈ ಅಕ್ಷರ ಗೊತ್ತುಂಟಾ ಅಂತ ಕೇಳ್ಲಿ.

ರಿಪೋರ್ಟ್ ಕನ್ನಡದಲ್ಲಿ ಕೊಡಿ, ಕಡೇ ಪಕ್ಷ ಮನೆಯವರಿಗೆ ಅರ್ಥ ಆಗುವ ಒಂದು ಪುಟ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರಕ್ಕೆ ಬರೆದು ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕು ಉಂಟು. ಪತ್ರಕ್ಕೆ ಇರುವ ಮರ್ಯಾದೆ ರೋಗಿಯ ಬಾಯಿಮಾತಿಗೂ ಬೇಕು ಅಂತ ಕೇಳುವುದು ಹೆಚ್ಚೇನಲ್ಲ.

ಮಂಗಳೂರಿಗೆ ಹೋಗಿ ಅಂತ ದಯವಿಟ್ಟು ಹೇಳ್ಬೇಡಿ. ಕಾರು ಮಾಡಿ ಹೋಗುವ ಶಕ್ತಿ ನಮಗಿತ್ತು, ಹಾಗಾಗಿ ಗೊತ್ತಾಯ್ತು. ಶಕ್ತಿ ಇಲ್ಲದವರ ಅಮ್ಮ ಈಗಲೂ ಸಿವಿಯರ್ ಅಂತಲೇ ಮೂಲೆಯಲ್ಲಿ ಕೂತಿರ್ತಾರೆ. 2020ರ ಮಾರ್ಚಿನಲ್ಲಿ ಕೊರೋನಾ ಅಂತ ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗ್ಲಿಕ್ಕಾಗದೆ ಇಲ್ಲಿಯ ರೋಗಿಗಳಿಗೆ ಎಂತ ಅವಸ್ಥೆ ಆಯ್ತು ಅಂತ ನಾವ್ಯಾರೂ ಮರೆತಿಲ್ಲ. ಕೇರಳ ಸರಕಾರದ್ದೇ ಓರ್ಮತ್ತೋಣಿ ಅಂತ ಮರೆವಿನವರಿಗೋಸ್ಕರ ಒಂದು ಯೋಜನೆ ಉಂಟು, ನೆನಪಿನ ದೋಣಿ ಅಂತ ಅರ್ಥ, ಹೆಸರು ಕೇಳಿಯೇ ನನಗೆ ಇಷ್ಟ ಆಗಿತ್ತು. ಆ ದೋಣಿಗೆ ಕನ್ನಡದವರಿಗೂ ತುಳುವರಿಗೂ ಹತ್ಲಿಕ್ಕೆ ಆಗುವ ಹಾಗೆ ಮಾಡಿ.

ಕೊನೆಯದ್ದು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಈ ಮೊದಲು ಮಲಯಾಳದಲ್ಲಿ ಪರೀಕ್ಷೆ ಮಾಡಿ ರಿಪೋರ್ಟ್ ಕೊಟ್ಟ ಕನ್ನಡ, ತುಳುವಿನ ಪ್ರಾಯದವರ ಪಟ್ಟಿ ನಿಮ್ಮ ರಿಜಿಸ್ಟರಿನಲ್ಲಿ ಇರ್ತದೆ. ಅವರನ್ನು ಇನ್ನೊಮ್ಮೆ ಕರೆದು ಅವರ ಭಾಷೆಯಲ್ಲಿ ಕೇಳಿ. ಮನೆಯವರು ಅವರ ಹತ್ತಿರ ಮಾತು ನಿಲ್ಲಿಸುವ ಮೊದಲು ಕರೀರಿ, ಯಾಕಂದ್ರೆ ಮಾತಾಡದೆ ಇದ್ರೆ ಉಳಿದದ್ದೂ ಉಳಿಯುವುದಿಲ್ಲ. ನನ್ನ ಮಗಳು ಈಗ ಸಂಜೆ ಅಜ್ಜಿ ಹತ್ತಿರ ಕೂತು ಮಗ್ಗಿ ಹೇಳಿಸ್ತಾಳೆ, ಏಳರ ಮಗ್ಗಿ ಅಮ್ಮ ಒಂದು ಉಸಿರಿಗೆ ಹೇಳಿ ಮುಗಿಸ್ತಾರೆ, ಅವಳಿಗೇ ಮಧ್ಯದಲ್ಲಿ ತಪ್ಪುವುದು.

ಅಮ್ಮನ ಮುಂದಿನ ಪರೀಕ್ಷೆ ಸೋಣ ತಿಂಗಳಲ್ಲಿ, ನಮ್ಮ ಜಿಲ್ಲೆಯಲ್ಲೇ ಮಾಡಿಸ್ಬೇಕು ಅಂತ ಉಂಟು. ಅಷ್ಟರೊಳಗೆ ಕನ್ನಡದ ಪ್ರಶ್ನೆ ಪತ್ರಿಕೆ ಅಲ್ಲಿಗೆ ಬಂದಿರ್ತದಾ ಅಂತ ತಿಳಿಸಿದ್ರೆ ಉಪಕಾರ ಆಗ್ತದೆ.

ಗೌರವಪೂರ್ವಕ ವಂದನೆಗಳೊಂದಿಗೆ,
ಕುಂಬಳೆ ಕಡೆಯ ಒಬ್ಬಳು ಮಗಳು